ಒಡೆಯಬಲ್ಲ ಬಟ್ಟಲು

ಅಂಗೈಯಲ್ಲಿ ಕೂರುವಷ್ಟು ಪುಟ್ಟದಾದ ಒಂದು ಪಿಂಗಾಣಿ ಬಟ್ಟಲನ್ನು ನಿಮ್ಮ ಮನಸ್ಸಿನ ಮುಂದೆ ತಂದುಕೊಳ್ಳಿ. ಅದರ ಅಂಚು ನಮ್ಮ ಮನೆಯ ಬಟ್ಟಲುಗಳ ಅಂಚಿನಂತೆ ಸಮನಾಗಿಲ್ಲ. ಅರಳುತ್ತಿರುವ ಗಸಗಸೆ ಹೂವಿನ ಎಸಳಿನ ಹಾಗೆ ಒಂದೆಡೆ ಸುಕ್ಕುಗಟ್ಟಿದೆ, ಇನ್ನೊಂದೆಡೆ ಒಳಕ್ಕೆ ಬಾಗಿದೆ, ಮತ್ತೊಂದೆಡೆ ಸಣ್ಣಗೆ ಸೀಳಿದೆ. ಗೋಡೆ ಎಷ್ಟು ತೆಳುವೆಂದರೆ, ಬೆಳಕಿನ ಕಡೆಗೆ ಎತ್ತಿ ಹಿಡಿದಾಗ ಹಿಡಿದ ಬೆರಳುಗಳ ನೆರಳು ಒಳಬದಿಯಲ್ಲಿ ಮೂಡುತ್ತದೆ. ಇಂತಹ ಬಟ್ಟಲುಗಳನ್ನು ರೂಪಿಸಿ ಹೆಸರಾದವರು ಇಂಗ್ಲೆಂಡಿನಲ್ಲಿ 1929ರಲ್ಲಿ ಜನಿಸಿದ ಮೇರಿ ರೋಜರ್ಸ್. ಅವರು ಇವಕ್ಕೆ ತಿಗರಿಯನ್ನು ಬಳಸಲಿಲ್ಲ. ಮಣ್ಣಿನ ಉಂಡೆಯೊಂದಕ್ಕೆ ಹೆಬ್ಬೆರಳನ್ನು ಇಳಿಸಿ, ತಿರುಗಿಸುತ್ತಾ ತಿರುಗಿಸುತ್ತಾ, ಬೆರಳ ತುದಿಗಳ ನಡುವೆ ಗೋಡೆಯನ್ನು ಚಿವುಟಿ ಚಿವುಟಿ ತೆಳುವಾಗಿಸುವುದು ಅವರ ವಿಧಾನ. ಹೂವು, ಎಲೆ, ಚಿಪ್ಪು ಇವೇ ಅವರ ಗುರುಗಳು. 1979ರಲ್ಲಿ ಅವರು ತಮ್ಮ ಕೈಕೆಲಸದ ಬಗೆಗೆ ಪುಸ್ತಕವೊಂದನ್ನೂ ಬರೆದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅವರ ಕೃತಿಗಳಿವೆ.

ಇಂತಹ ಬಟ್ಟಲನ್ನು ಕಂಡಾಗ ಯಾರ ಬಾಯಿಂದಲೂ ಎರಡು ಮಾತುಗಳು ಒಂದರ ಹಿಂದೊಂದು ಹೊರಡುತ್ತವೆ. ಮೊದಲನೆಯದು, 'ಎಷ್ಟು ಚೆಂದ!' ಎರಡನೆಯದು, ಪಕ್ಕದಲ್ಲಿರುವ ಮಗುವಿಗೆ, 'ಮುಟ್ಟಬೇಡ!' ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ಒಂದು ಗಂಭೀರ ಪ್ರಶ್ನೆ ಅಡಗಿದೆ ಎಂದು ನನಗೆ ತೋರುತ್ತದೆ. ಇಷ್ಟು ಸುಲಭವಾಗಿ ಒಡೆಯಬಲ್ಲ ವಸ್ತುವನ್ನು ಮನುಷ್ಯನು ಬೇಕೆಂದೇ ಮಾಡುವುದು ಸರಿಯೇ? 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ನಮಗೆಲ್ಲ ಗೊತ್ತು. ಅದನ್ನು ನಾವು ಸಾಮಾನ್ಯವಾಗಿ ದೊಣ್ಣೆಯ ದುಷ್ಟತನವನ್ನು ಹಳಿಯಲು ಬಳಸುತ್ತೇವೆ. ಆದರೆ ಆ ಮಾತನ್ನು ಕುಂಬಾರನ ಕಡೆಯಿಂದ ಕೇಳಿ ನೋಡಿ. ದೊಣ್ಣೆಗೆ ನಿಮಿಷ ಸಾಕು ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ವರುಷವನ್ನು ಕೊಡುತ್ತಾನೆ. ಅದು ಅವಿವೇಕವೋ, ಅಥವಾ ಒಂದು ಬಗೆಯ ನಂಬಿಕೆಯೋ?

ಉತ್ತರಿಸುವ ಮುನ್ನ ಈ ಬಟ್ಟಲು ನಿಸರ್ಗದಿಂದ ಪಡೆದದ್ದೇನು ಎಂಬುದನ್ನು ನೋಡಬೇಕು. ಹೂವಿನ ಆಕಾರವನ್ನು ಪಡೆಯಿತು ಎಂದರೆ ಅರ್ಧ ಮಾತ್ರ ಹೇಳಿದಂತೆ. ಹೂವಿನ ಆಕಾರ ಬೇಕಾಗಿದ್ದರೆ ಅಚ್ಚು ಹಾಕಬಹುದು. ಪ್ಲಾಸ್ಟಿಕ್ ಹೂಗಳಲ್ಲಿ ಆಕಾರಕ್ಕೇನೂ ಕೊರತೆಯಿಲ್ಲ. ಕಲೆಯು ನಿಸರ್ಗವನ್ನು ಅನುಕರಿಸುವುದು ಅದರ ತೋರಿಕೆಯಲ್ಲಿ ಅಲ್ಲ, ಅದು ಕೆಲಸ ಮಾಡುವ ರೀತಿಯಲ್ಲಿ ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಗುರುಮಠದ ತತ್ವಶಾಸ್ತ್ರದ ತರಗತಿಗಳಲ್ಲಿ ಇದನ್ನು ಬಾಯಿಪಾಠ ಮಾಡಿದ ಅನೇಕರಿಗೆ ಅದರ ಅರ್ಥ ತಿಳಿಯುವುದು ಕುಂಬಾರನ ಕೈಯನ್ನು ನೋಡಿದಾಗಲೇ ಇರಬೇಕು. ಚಿವುಟಿ ಮಾಡುವ ಬಟ್ಟಲಿನ ಅಂಚು ಏಕೆ ಸೀಳುತ್ತದೆ? ಗೋಡೆ ತೆಳುವಾಗುತ್ತಾ ಹೊರಕ್ಕೆ ಹರಡಿದಂತೆ ಅಂಚಿನ ಮಣ್ಣು ಎಳೆತಕ್ಕೆ ಒಳಗಾಗುತ್ತದೆ, ಬೆರಳಿನ ಶಾಖಕ್ಕೆ ಬೇಗ ಒಣಗುತ್ತದೆ, ಆಗ ಬಿರಿಯುತ್ತದೆ. ಮೊಗ್ಗಿನೊಳಗೆ ಮಡಿಸಿಕೊಂಡಿದ್ದ ಎಸಳು ಹೊರಬಂದು ಹರಡುವಾಗಲೂ ಅಂಚಿನಲ್ಲಿ ಸುಕ್ಕುಗಳು ಉಳಿಯುತ್ತವೆ. ಕುಶಲ ಕೈ ಆ ಬಿರುಕನ್ನು ಒದ್ದೆ ಬೆರಳಿನಿಂದ ಮುಚ್ಚಿಹಾಕುವುದಿಲ್ಲ. ಮಣ್ಣು ತಾನಾಗಿ ಏನಾಗಲು ಹೊರಟಿದೆಯೋ ಅದಕ್ಕೆ ಅನುವು ಮಾಡಿಕೊಡುತ್ತದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುತ್ತದೆ. ಹಾಗಾಗಿ ಆ ಬಟ್ಟಲು ಹೂವಿನ ಚಿತ್ರವಲ್ಲ, ಹೂವಿನ ಸಹಪಾಠಿ.

ಆಮೇಲೆ ಬೆಂಕಿಯ ಕೆಲಸ. ಕೇಯೋಲಿನ್ ಎಂಬ ಬಿಳಿಜೇಡಿ, ಫೆಲ್ಡ್‌ಸ್ಪಾರ್ ಎಂಬ ಶಿಲೆಯ ಪುಡಿ, ಬೆಣಚುಕಲ್ಲಿನ ಪುಡಿ ಇವು ಸೇರಿ ಪಿಂಗಾಣಿಯ ಮಣ್ಣು. ಸುಮಾರು 1250ರಿಂದ 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಾಗುತ್ತದೆ, ಉಳಿದುದನ್ನು ಬೆಸೆಯುತ್ತದೆ. ಬೆಳಕು ಗೋಡೆಯನ್ನು ಹಾದುಬರುವುದು ಆ ಗಾಜಿನ ದೆಸೆಯಿಂದ. ಆದರೆ ಬಟ್ಟಲು ಬಾಗಿ ಕುಸಿದು ಹಾಳಾಗುವ ಅಪಾಯ ಬರುವುದೂ ಅದರ ದೆಸೆಯಿಂದಲೇ. ಹಸಿಯಾಗಿದ್ದಾಗ ಇದ್ದ ಅಳತೆಯಲ್ಲಿ ಹತ್ತನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗಿ ಅದು ಆವಿಗೆಯಿಂದ ಹೊರಬರುತ್ತದೆ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಪಿಂಗಾಣಿ ದುರ್ಬಲ ಪದಾರ್ಥವಲ್ಲ. ಹೆಚ್ಚು ಒತ್ತಡದ ವಿದ್ಯುತ್ ತಂತಿಗಳನ್ನು ಕಂಬಗಳ ಮೇಲೆ ಹೊತ್ತು ನಿಂತಿರುವ ಬಿಳಿಯ, ಕಂದು ಬಣ್ಣದ ಬಿಲ್ಲೆಗಳು ಪಿಂಗಾಣಿಯವೇ. ಮಳೆ ಗಾಳಿಗೆ ಅವು ಹತ್ತಾರು ವರ್ಷ ಜಗ್ಗುವುದಿಲ್ಲ. ಬಟ್ಟಲಿನ ನಾಜೂಕುತನ ಆ ಪದಾರ್ಥದ ಕೊರತೆಯಲ್ಲ. ಮಾಡಿದವರು ಆರಿಸಿಕೊಂಡ ತೆಳುವು ಅದು.

ಹೂವಿಗೂ ಬಟ್ಟಲಿಗೂ ದಾರಿ ಬೇರೆಯಾಗುವುದು ಇಲ್ಲಿಂದ ಮುಂದೆ. ಗಸಗಸೆ ಹೂವಿನ ಎಸಳು ಒಂದೆರಡು ದಿನಗಳಲ್ಲಿ ಉದುರುತ್ತದೆ. ಅದನ್ನು ಯಾರೂ ಒಡೆಯಬೇಕಾಗಿಲ್ಲ, ಯಾರೂ ಕಾಯಬೇಕಾಗಿಯೂ ಇಲ್ಲ. ಅದರ ಅಂತ್ಯ ಅದರೊಳಗೇ ಬರೆದಿದೆ. ಉದುರಿದ ಮೇಲೆ ಮಣ್ಣಾಗಿ ಮರಳುತ್ತದೆ. ಸುಟ್ಟ ಬಟ್ಟಲಿಗೆ ಹಾಗೆ ಮರಳುವ ದಾರಿಯಿಲ್ಲ. ಸುಮಾರು 600 ಡಿಗ್ರಿ ಶಾಖ ದಾಟುವ ಹೊತ್ತಿಗೆ ಜೇಡಿಮಣ್ಣಿನ ಕಣಗಳೊಳಗೆ ಬೆಸೆದುಕೊಂಡಿದ್ದ ನೀರು ಹೊರಟುಹೋಗಿರುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಮೊದಲಿನಂತೆ ಮೆತ್ತಗಿನ ಮಣ್ಣಾಗುವುದಿಲ್ಲ. ಪ್ರವಾದಿ ಯೆರೆಮೀಯರ ಗ್ರಂಥದಲ್ಲಿ ಈ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿದೆ ಎಂಬುದನ್ನು ಗಮನಿಸಿದ್ದೀರಾ? ಹದಿನೆಂಟನೆಯ ಅಧ್ಯಾಯದಲ್ಲಿ ಕುಂಬಾರನ ಕೈಯಲ್ಲಿ ಕೆಟ್ಟುಹೋದ ಪಾತ್ರೆ ಹಸಿ ಮಣ್ಣಿನದು. ಅವನು ಅದನ್ನೇ ಮತ್ತೆ ಮುದ್ದೆಮಾಡಿ ಇನ್ನೊಂದನ್ನು ರೂಪಿಸುತ್ತಾನೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಪ್ರವಾದಿ ಎಲ್ಲರ ಎದುರಿಗೆ ಒಡೆಯುವ ಕೂಜ ಸುಟ್ಟದ್ದು. ಅದನ್ನು ಮತ್ತೆ ಸರಿಮಾಡಲಾಗದು. ನಮ್ಮ ಬೋಧನೆಗಳಲ್ಲಿ ಮೊದಲನೆಯ ಕುಂಬಾರನೇ ಹೆಚ್ಚಾಗಿ ಬರುತ್ತಾನೆ, ಏಕೆಂದರೆ ಅಲ್ಲಿ ಸಾಂತ್ವನವಿದೆ. ಎರಡನೆಯ ಕೂಜದ ಮಾತನ್ನು ನಾವು ಅಷ್ಟಾಗಿ ಎತ್ತುವುದಿಲ್ಲ.

ಮಾನವ ನಿರ್ಮಿತವಾದ ನಾಜೂಕಿನ ವಿಶೇಷ ಇದೇ ಎಂದು ನಾನು ಭಾವಿಸುತ್ತೇನೆ. ಬಟ್ಟಲು ತಾನಾಗಿ ಬಾಡುವುದಿಲ್ಲ. ಯಾರೂ ಬೀಳಿಸದಿದ್ದರೆ ಅದು ಸಾವಿರಾರು ವರ್ಷ ಇರಬಲ್ಲದು. ಅಗೆತದಲ್ಲಿ ಸಿಗುವ ಪ್ರಾಚೀನ ನಾಗರಿಕತೆಗಳ ಕಾಲವನ್ನು ವಿದ್ವಾಂಸರು ಗುರುತಿಸುವುದು ಬಹುಮಟ್ಟಿಗೆ ಬೋಕಿಗಳಿಂದಲೇ ಅಲ್ಲವೇ? ಹೂವಿನ ಅಂತ್ಯ ನಿಸರ್ಗದ ಕೈಯಲ್ಲಿದ್ದರೆ, ಬಟ್ಟಲಿನ ಅಂತ್ಯ ನಮ್ಮ ಕೈಯಲ್ಲಿದೆ. ಅಕ್ವಿನಾಸರು ಮಾಡುವ ಇನ್ನೊಂದು ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಸ್ತುಗಳನ್ನು ಸರಿಯಾಗಿ ಮಾಡುವ ಬುದ್ಧಿ ಕಲೆ. ಸರಿಯಾಗಿ ನಡೆದುಕೊಳ್ಳುವ ಬುದ್ಧಿ ವಿವೇಕ. ಕುಂಬಾರನ ಕಲೆ ಆವಿಗೆಯ ಬಾಗಿಲಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆಗೆ ಬಟ್ಟಲು ಇತರರ ವಿವೇಕಕ್ಕೆ ಒಪ್ಪಿಸಿದ ವಸ್ತು. ದಪ್ಪ ಗೋಡೆಯ ಗಡಿಗೆಯನ್ನು ಮಾಡುವವನು ನಮ್ಮಿಂದ ಹೆಚ್ಚೇನನ್ನೂ ಬೇಡುವುದಿಲ್ಲ. ತೆಳು ಗೋಡೆಯ ಬಟ್ಟಲನ್ನು ಮಾಡುವವರು ತಮಗೆ ಪರಿಚಯವೇ ಇಲ್ಲದ ಕೈಗಳಿಂದ, ಇನ್ನೂ ಹುಟ್ಟದವರ ಕೈಗಳಿಂದಲೂ, ಎಚ್ಚರವನ್ನು ಬೇಡುತ್ತಾರೆ.

ಇದಕ್ಕೆ ಪ್ರಬಲವಾದ ಆಕ್ಷೇಪಣೆಯಿದೆ. ಜಪಾನಿನ ಚಿಂತಕ ಯಾನಗಿ ಸೋಯೆತ್ಸು (1889–1961) ಅವರು ಸಾಮಾನ್ಯ ಜನರ ದಿನಬಳಕೆಯ, ಗಟ್ಟಿಮುಟ್ಟಾದ, ಅಗ್ಗದ, ಮಾಡಿದವನ ಹೆಸರಿಲ್ಲದ ಪಾತ್ರೆಗಳಲ್ಲಿಯೇ ನಿಜವಾದ ಸೌಂದರ್ಯವಿದೆ ಎಂದು ಸಾರಿದರು. ಅವರ ಮಿತ್ರ, ಇಂಗ್ಲೆಂಡಿನ ಬರ್ನಾರ್ಡ್ ಲೀಚ್ (1887–1979), 1920ರಲ್ಲಿ ಸೇಂಟ್ ಐವ್ಸ್ ಎಂಬ ಊರಿನಲ್ಲಿ ಹಮಾದ ಶೋಜಿಯವರೊಡಗೂಡಿ ಕುಂಭಶಾಲೆ ತೆರೆದು ಆ ದೃಷ್ಟಿಯನ್ನು ಪಶ್ಚಿಮದಲ್ಲಿ ಬೆಳೆಸಿದರು. ಇದರಲ್ಲಿ ನೈತಿಕ ತೂಕವಿದೆ. ಗಂಜಿ ಕುಡಿಯಲು ಒಂದು ಗಟ್ಟಿ ಬಟ್ಟಲಿಲ್ಲದವರು ಇರುವ ಲೋಕದಲ್ಲಿ ಎಸಳಿನಂತಹ ಬಟ್ಟಲಿಗೆ ಇಷ್ಟೊಂದು ಶ್ರಮವೇಕೆ? ನಯಕ್ಕೆ ಬೆಲೆ ತೆತ್ತವರಾರು ಎಂಬ ಪ್ರಶ್ನೆಯೂ ಇದೆ. ಚೀನಾದ ಜಿಂಗ್‌ಡೆಜೆನ್ ಪಟ್ಟಣದಲ್ಲಿದ್ದ ಯೇಸುಸಭೆಯ ಫ್ರೆಂಚ್ ಗುರು ದಾಂತ್ರಕೋಲ್ ಅವರು 1712 ಮತ್ತು 1722ರಲ್ಲಿ ಬರೆದ ಪತ್ರಗಳಲ್ಲಿ ಅಲ್ಲಿನ ಪಿಂಗಾಣಿ ಕೆಲಸವನ್ನು ವಿವರವಾಗಿ ವರ್ಣಿಸಿದ್ದಾರೆ. ಒಂದೇ ಪಾತ್ರೆ ಎಪ್ಪತ್ತು ಕೈಗಳನ್ನು ಹಾದುಹೋಗುತ್ತಿತ್ತಂತೆ. ಅರಸನ ಅಪ್ಪಣೆಯಂತಹ ಪಾತ್ರೆ ಎಷ್ಟು ಮಾಡಿದರೂ ಸಿದ್ಧಿಸದೆ, ಶಿಕ್ಷೆಗೆ ಬೇಸತ್ತು ಆವಿಗೆಯ ಬೆಂಕಿಗೆ ಹಾರಿದ ಕೆಲಸಗಾರನೊಬ್ಬನ ಐತಿಹ್ಯವನ್ನೂ ಅವರು ದಾಖಲಿಸಿದ್ದಾರೆ. ಆತನನ್ನು ಅಲ್ಲಿನವರು ಆವಿಗೆಯ ದೈವವಾಗಿ ಪೂಜಿಸುತ್ತಿದ್ದರು. (ಈ ಗುರುಗಳು ತಮ್ಮ ಕ್ರೈಸ್ತ ಭಕ್ತರಾಗಿದ್ದ ಕೆಲಸಗಾರರಿಂದ ಕೇಳಿ ತಿಳಿದ ವೃತ್ತಿಯ ಗುಟ್ಟುಗಳನ್ನು ಯುರೋಪಿಗೆ ಬರೆದು ಕಳುಹಿಸಿದ್ದು ಎಷ್ಟು ಸರಿ ಎಂಬುದು ಬೇರೆಯೇ ಒಂದು ಲೇಖನಕ್ಕೆ ತಕ್ಕ ವಿಷಯ.) ಬಲವಂತದಿಂದ ಹಿಂಡಿ ತೆಗೆದ ನಯಕ್ಕೆ ನಾವು ತಲೆಬಾಗಬೇಕಾಗಿಲ್ಲ.

ಆದರೆ ಲೀಚ್ ಅವರ ಆಕ್ಷೇಪಣೆ ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ಬಿದ್ದಾಗ ಏನಾಯಿತು ಎಂಬುದನ್ನು ನೋಡಿ. ಲೂಸಿ ರೀ 1902ರಲ್ಲಿ ವಿಯೆನ್ನಾದ ಯೆಹೂದಿ ಮನೆತನದಲ್ಲಿ ಜನಿಸಿದವರು. ಬ್ರಸೆಲ್ಸ್, ಪ್ಯಾರಿಸ್‌ಗಳ ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಪದಕ ಪಡೆದ ಕುಂಭಕಲಾವಿದೆ. ನಾಟ್ಸಿಗಳ ಹಿಂಸೆಯಿಂದ ತಪ್ಪಿಸಿಕೊಂಡು 1938ರಲ್ಲಿ ಲಂಡನ್ನಿಗೆ ಬಂದಾಗ ಅವರ ಹೆಸರನ್ನು ಅಲ್ಲಿ ಬಲ್ಲವರು ವಿರಳ. ಲೀಚ್ ಅವರಿಗೆ ಆಕೆಯ ಪಾತ್ರೆಗಳು ತೀರ ತೆಳುವಾಗಿ ಕಂಡವು. ಲೀಚ್ ಆಗ ಆ ದೇಶದ ಕುಂಭಕಲೆಯ ಅತ್ಯುನ್ನತ ಅಧಿಕಾರವಾಣಿ. ಆಕೆ ನೆಲೆ ಕಳೆದುಕೊಂಡ ನಿರಾಶ್ರಿತೆ. ಆಕೆ ಗುರುಸಮಾನರ ಮಾತಿಗೆ ಮಣಿದು ಕೆಲಕಾಲ ದಪ್ಪ, ಭಾರವಾದ ಪಾತ್ರೆಗಳನ್ನು ಮಾಡಲು ಯತ್ನಿಸಿದರು. ಯುದ್ಧಕಾಲದಲ್ಲಿ ಹೊಟ್ಟೆಪಾಡಿಗಾಗಿ ಪಿಂಗಾಣಿ, ಮಣ್ಣಿನ ಗುಂಡಿಗಳನ್ನು ಮಾಡಿದರು. ಹೌದು, ಅಂಗಿ ಕೋಟುಗಳಿಗೆ ಹಾಕುವ ಗುಂಡಿಗಳನ್ನೇ. 1946ರಲ್ಲಿ ಹಾನ್ಸ್ ಕೋಪರ್ ಎಂಬ ಮತ್ತೊಬ್ಬ ನಿರಾಶ್ರಿತ ಯುವಕ ಆ ಗುಂಡಿಗಳ ಕೆಲಸಕ್ಕೆಂದು ಬಂದು ಸೇರಿದ. ಅವನಿಗೆ ಕುಂಬಾರಿಕೆಯ ಗಂಧವೇ ಇರಲಿಲ್ಲ. ಆದರೂ ದಪ್ಪ ಪಾತ್ರೆಗಳನ್ನು ಬಿಟ್ಟು ಆಕೆ ತನ್ನ ಕೈಗೆ ಸಹಜವಾದುದನ್ನೇ ಮಾಡಬೇಕೆಂದು ಒತ್ತಾಯಿಸಿದವನು ಅವನೇ. ಆಮೇಲೆ ಹುಟ್ಟಿದವು, ಕಿರಿದಾದ ಪಾದದ ಮೇಲೆ ನಿಂತು ಹೂವಿನಂತೆ ಮೇಲಕ್ಕೆ ತೆರೆದುಕೊಳ್ಳುವ ಆ ಪಿಂಗಾಣಿ ಬಟ್ಟಲುಗಳು. ಲೀಚ್ ಕೂಡ ಮುಂದೆ ಆಕೆಯ ಕೆಲಸವನ್ನು ಮೆಚ್ಚಿದರು; ಅವರ ಸ್ನೇಹ ಕೊನೆಯವರೆಗೂ ಉಳಿಯಿತು. ಆಕೆ 1995ರಲ್ಲಿ ನಿಧನರಾದರು.

ಎಲ್ಲವನ್ನೂ ಕಳೆದುಕೊಂಡು ಬಂದ ವ್ಯಕ್ತಿ ಗಟ್ಟಿಯಾದುದನ್ನು, ಒಡೆಯದುದನ್ನು, ಬಚ್ಚಿಡಬಹುದಾದುದನ್ನು ಮಾಡಬೇಕಿತ್ತು ಎಂದು ನಮಗೆ ಅನ್ನಿಸಬಹುದು. ಒಡೆಯುವುದೆಂದರೇನು ಎಂದು ಚೆನ್ನಾಗಿ ಬಲ್ಲವರು ತೆಳು ಬಟ್ಟಲನ್ನೇ ಆರಿಸಿಕೊಂಡರು ಎಂಬ ಸಂಗತಿಯನ್ನು ನಾನು ಸುಲಭವಾಗಿ ದಾಟಿ ಮುಂದೆ ಹೋಗಲಾರೆ. ಮತ್ತೊಂದು ವಿಷಯ: ಆಕೆ ದಿನಬಳಕೆಯ ಲೋಟ, ಸಾಸರು, ತರಕಾರಿಯ ಬಟ್ಟಲುಗಳನ್ನೂ ಮಾಡಿ ಮಾರುತ್ತಿದ್ದರು, ತಮ್ಮ ಕಾರ್ಯಾಗಾರಕ್ಕೆ ಬಂದ ಅತಿಥಿಗಳಿಗೆ ಚಹಾ, ಕೇಕು ಕೊಟ್ಟು ಸತ್ಕರಿಸುತ್ತಿದ್ದರು. ನಾಜೂಕಾದುದು ಬಳಕೆಗೆ ಒದಗದು ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಯಾನಗಿಯವರ ಮಾತಿನಲ್ಲಿ ಸತ್ಯವಿದ್ದರೂ, ಗಟ್ಟಿತನವೇ ಪ್ರಾಮಾಣಿಕತೆ ಎಂದು ಅದನ್ನು ಹಿಗ್ಗಿಸಿದರೆ ನಾನು ಒಪ್ಪಲಾರೆ. ಬಡವನಿಗೆ ಗಟ್ಟಿಯಾದುದೇ ಸಾಕು ಎಂಬ ಮಾತಿನಲ್ಲಿ ಕನಿಕರಕ್ಕಿಂತ ಹೆಚ್ಚಾಗಿ ಒಂದು ತೀರ್ಪು ಅಡಗಿರುತ್ತದೆ.

ಆ ತೀರ್ಪನ್ನು ಒಪ್ಪದ ಒಬ್ಬ ಮಹಿಳೆಯ ನೆನಪಾಗುತ್ತದೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಕೇರಿಯಲ್ಲಿ ತಮ್ಮ ಮೊದಲ ಶಿಶುಮಂದಿರವನ್ನು ತೆರೆದರು. ಕೂಲಿಕಾರರ ಮಕ್ಕಳು ಅವರು. ಆಕೆ ಆ ಮಕ್ಕಳ ಕೈಗೆ ಕೊಟ್ಟದ್ದು ಒಡೆಯದ ತಗಡಿನ ತಟ್ಟೆಗಳನ್ನಲ್ಲ. ನಿಜವಾದ ಗಾಜಿನ ಲೋಟ, ನಿಜವಾದ ಪಿಂಗಾಣಿ ತಟ್ಟೆ. ಮಕ್ಕಳೇ ಊಟದ ಮೇಜನ್ನು ಅಣಿಗೊಳಿಸಬೇಕು, ಬಡಿಸಬೇಕು, ತೊಳೆಯಬೇಕು. ತಗಡಿನ ತಟ್ಟೆ ಬಿದ್ದರೆ ಸದ್ದಾಗುತ್ತದೆ ಅಷ್ಟೆ. ಮಗುವಿಗೆ ಬಯ್ಯುವವರು ಬೇಕಾಗುತ್ತದೆ. ಪಿಂಗಾಣಿ ತಟ್ಟೆ ಬಿದ್ದರೆ ಯಾರೂ ಬಯ್ಯಬೇಕಾಗಿಲ್ಲ, ನಡೆದುದೇನೆಂದು ತಟ್ಟೆಯೇ ಹೇಳುತ್ತದೆ. ಹೀಗೆ ಎಚ್ಚರ ಎಂಬುದು ದೊಡ್ಡವರ ದನಿಯಿಂದ ವಸ್ತುವಿನ ಮೌನಕ್ಕೆ ವರ್ಗವಾಗುತ್ತದೆ. ಮುಂದೆ 1939ರಿಂದ 1946ರವರೆಗೆ ಅವರು ಭಾರತದಲ್ಲಿಯೇ ಇದ್ದು, ಮದರಾಸಿನ ಅಡಯಾರಿನಲ್ಲಿ, ಕೊಡೈಕೆನಾಲಿನಲ್ಲಿ ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ಅವರ ಹೆಸರಿನ ಶಾಲೆಗಳು ಈಗ ನಮ್ಮ ಬೀದಿ ಬೀದಿಯಲ್ಲಿವೆ. ಒಡೆಯುವ ಲೋಟವನ್ನು ಮಗುವಿನ ಕೈಗೆ ಕೊಡುವ ಧೈರ್ಯ ಅವುಗಳಲ್ಲಿ ಎಷ್ಟಕ್ಕಿದೆಯೋ, ಮಕ್ಕಳನ್ನು ಸೇರಿಸುವಾಗ ನೀವೇ ವಿಚಾರಿಸಿ ನೋಡಿ.

ಒಡೆದರೆ? ಒಡೆಯುವ ಸಾಧ್ಯತೆಯನ್ನು ಒಪ್ಪಿಕೊಂಡ ಮೇಲೆ ಒಡೆಯುವುದನ್ನೂ ಒಪ್ಪಿಕೊಳ್ಳಬೇಕು. ಬಿರುಕುಗಳನ್ನು ಅರಗಿನಿಂದ ಬೆಸೆದು ಅದರ ಮೇಲೆ ಚಿನ್ನದ ಪುಡಿ ಉದುರಿಸುವ ಜಪಾನೀ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ಪ್ರವಚನಗಳಲ್ಲಿ, ಧ್ಯಾನಕೂಟಗಳಲ್ಲಿ ಬಹಳ ಕೇಳಿಬರುತ್ತಿದೆ. ಮುರಿದ ಬದುಕು ಮೊದಲಿಗಿಂತ ಸುಂದರವಾಗುತ್ತದೆ ಎಂಬುದು ಅದರಿಂದ ತೆಗೆಯುವ ಪಾಠ. ಆ ಕೆಲಸದ ಕೌಶಲಕ್ಕೆ ನನ್ನ ಗೌರವವಿದೆ. ಆ ಪಾಠ ಮಾತ್ರ ನನಗೆ ತೀರ ಅಗ್ಗವಾಗಿ ತೋರುತ್ತದೆ. ಎಲ್ಲ ಒಡಕುಗಳೂ ಆಭರಣವಾಗುವುದಿಲ್ಲ. ಎಸಳಿನಷ್ಟು ತೆಳುವಾದ ಬಟ್ಟಲು ಬಿದ್ದರೆ ಬೆಸೆಯಲು ಹಿಡಿಗೆ ಸಿಗುವ ಚೂರುಗಳೇ ಉಳಿಯದಿರಬಹುದು. ಚಿನ್ನದ ಗೆರೆಯ ಭರವಸೆಯನ್ನು ಮೊದಲೇ ಕೊಟ್ಟುಬಿಟ್ಟರೆ, ಬೀಳಿಸಿದವನಿಗೆ ದುಃಖಪಡಲು ಸಮಯವೆಲ್ಲಿದೆ? ಬಿದ್ದು ಹೋದ ಬಟ್ಟಲಿಗಾಗಿ ಒಂದು ಗಳಿಗೆ ಸುಮ್ಮನೆ ನಿಲ್ಲುವುದು ಅದಕ್ಕೆ ಸಲ್ಲಬೇಕಾದ ಗೌರವ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ನಮ್ಮ ಮನೆಗಳಲ್ಲಿ ಹೆಚ್ಚು ಕಾಣುತ್ತದೆ. ಅದು ಎಚ್ಚರದ ವೇಷ ಹಾಕಿಕೊಂಡಿರುವುದರಿಂದ ತಪ್ಪೆಂದು ಅನಿಸುವುದೂ ಇಲ್ಲ. ಅದು ಗಾಜಿನ ಬೀರು. ಮದುವೆಯಲ್ಲಿ ಬಂದ ಪಿಂಗಾಣಿ ಸಾಮಾನು ಬೀರುವಿನೊಳಗೆ ಸೇರಿ, ವರ್ಷಕ್ಕೊಮ್ಮೆ ಧೂಳು ಒರೆಸಿಕೊಂಡು, ಒಂದು ದಿನವೂ ಸಾರು ಅನ್ನ ಕಾಣದೆ ಮಕ್ಕಳ ಪಾಲಿಗೆ ಹೋಗುತ್ತದೆ. ಅದು ಒಡೆಯಲಿಲ್ಲ, ನಿಜ. ಆದರೆ ಅದು ಬಟ್ಟಲಾಗಿ ಬದುಕಿತೇ? ವಸ್ತುಗಳ ಮಟ್ಟಿಗೆ ಇದು ಸಣ್ಣ ನಷ್ಟ. ಮನುಷ್ಯರನ್ನು ಹೀಗೆ ಇಡುವಾಗ ನಷ್ಟ ಸಣ್ಣದಲ್ಲ. ಹೆಣ್ಣುಮಕ್ಕಳನ್ನು ಹೂವಿಗೆ, ಗಾಜಿಗೆ ಹೋಲಿಸಿ ಹೊಸ್ತಿಲೊಳಗೇ ಉಳಿಸಿದ ಕಾಲ ಪೂರ್ತಿ ಮುಗಿದಿಲ್ಲ. ಕೈ ನಡುಗುವ ವೃದ್ಧ ತಂದೆಗೆ ಮೊದಲು ಸ್ಟೀಲ್ ಲೋಟ ಬರುತ್ತದೆ. ಆಮೇಲೆ ಎಲ್ಲರೊಡನೆ ಕೂರುವ ಮೇಜಿನಿಂದ ಮೂಲೆಯ ಸ್ಟೂಲಿಗೆ ಊಟ ವರ್ಗವಾಗುತ್ತದೆ. ಕೊನೆಗೆ ಮನೆಯ ಸಂಗತಿಗಳನ್ನು 'ಅವರ ಮನಸ್ಸಿಗೆ ಯಾಕೆ ನೋವು' ಎಂದು ಮುಚ್ಚಿಡಲಾಗುತ್ತದೆ. ಪ್ರತಿಯೊಂದು ಹೆಜ್ಜೆಯಲ್ಲೂ ಪ್ರೀತಿ ಇದ್ದಿರಬಹುದು, ಎಲ್ಲ ಹೆಜ್ಜೆಗಳೂ ಕೂಡಿದಾಗ ಆಗುವುದು ಬೀರು. ಮನುಷ್ಯ ಮಣ್ಣಿನ ಪಾತ್ರೆ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದಾಗ, ಪಾತ್ರೆ ಒಡೆಯಬಲ್ಲದು ಎಂಬ ಕಾರಣಕ್ಕೆ ಅದರೊಳಗೆ ನಿಧಿಯನ್ನು ಇಡಬಾರದೆಂದು ಅವರು ವಾದಿಸಲಿಲ್ಲ; ಇಟ್ಟಾಗಿದೆ ಎಂಬುದೇ ಅವರ ಬೆರಗು. ಆದರೂ ಈ ಹೋಲಿಕೆಯನ್ನು ತೀರ ದೂರ ಎಳೆಯಬಾರದು. ಬಟ್ಟಲಿಗೆ ತನ್ನನ್ನು ಎಲ್ಲಿಡಬೇಕೆಂದು ಹೇಳುವ ಬಾಯಿಲ್ಲ. ತಂದೆಗೆ ಇದೆ. ಯಾವ ಲೋಟ ಬೇಕೆಂದು ಅವರನ್ನೇ ಕೇಳಬಹುದು.

ನಿಮ್ಮ ಮನೆಯ ಬೀರುವಿನಲ್ಲಿ ಅಂತಹ ಬಟ್ಟಲೊಂದಿದ್ದರೆ ಈ ಭಾನುವಾರ ಅದನ್ನು ಹೊರಗೆ ತೆಗೆಯಿರಿ. ಎತ್ತುವಾಗ ಅಂಚನ್ನು ಹಿಡಿಯಬೇಡಿ. ಒಂದು ಕೈ ಪಾದದ ಕೆಳಗೆ, ಇನ್ನೊಂದು ಕೈ ಗೋಡೆಗೆ ಆತುಕೊಂಡಿರಲಿ. ತಣ್ಣಗಿರುವ ಪಿಂಗಾಣಿಗೆ ಒಮ್ಮೆಲೇ ಕುದಿಯುವುದನ್ನು ಸುರಿದರೆ ಸೀಳುವುದುಂಟು, ಆದ್ದರಿಂದ ಮೊದಲು ಉಗುರುಬೆಚ್ಚಗಿನ ನೀರಿನಿಂದ ಅದನ್ನು ಅಣಿಮಾಡಿ. ತೊಳೆಯುವಾಗ ಬೇರೆ ಪಾತ್ರೆಗಳ ಜೊತೆ ಹಾಕದೆ, ತೊಟ್ಟಿಯ ತಳಕ್ಕೆ ಮೆತ್ತಗಿನ ಬಟ್ಟೆ ಹಾಸಿ, ಅದೊಂದನ್ನೇ ತೊಳೆಯಿರಿ. ಬೆರಳಲ್ಲಿ ಉಂಗುರವಿದ್ದರೆ ತೆಗೆದಿಡಿ. ಅದರಲ್ಲಿ ಏನನ್ನು ಬಡಿಸಬೇಕು, ಮೇಜಿನವರೆಗೆ ಯಾರು ಹೊತ್ತು ತರಬೇಕು ಎಂಬುದನ್ನು ಮನೆಯ ಚಿಕ್ಕವರು ತೀರ್ಮಾನಿಸಲಿ.